ಮೂರು ಪ್ಲೇಟು, ಒಂದು ಗನ್ನು

ಮಾರ್ಚ್ ೩, ಸೋಮವಾರ

ಆಟದ ಗುಂಪಿನ ಮೇಷ್ಟ್ರು ಇವತ್ತು ನಾನು ಕಳಿಸಿದ ಹಡಗಿನ ಪಟ್ಟಿ ನೋಡಿ ನಕ್ಕರು. ಇಯರ್‌ಫೋನಿನಲ್ಲಿ ಚೆನ್ನಾಗಿಯೇ ಕೇಳಿಸಿತು. ಮೂರು ಪ್ಲೇಟು, ಎರಡು ರಿಪೇರಿ ಯಂತ್ರ, ಒಂದು ಗನ್ನು. ‘ಇದೇನು ಯುದ್ಧದ ಹಡಗೋ, ತಿಜೋರಿಯೋ?’ ಎಂದರು. ಅಷ್ಟು ಸಾಕಾಯಿತು. ಆಟ ಮುಗಿಯುವುದರೊಳಗೆ ಎಲ್ಲರ ಬಾಯಲ್ಲೂ ನಾನು ತಿಜೋರಿ ಅಕ್ಕ ಆಗಿಬಿಟ್ಟೆ.

ಮುಂದೆ ಎಂದಾದರೂ ಓದಿದರೆ ನನಗೇ ತಿಳಿಯಲಿ ಎಂದು ಬರೆದಿಡುತ್ತೇನೆ. ನನ್ನ ಹಡಗಿಗೆ ಆರು ಸ್ಲಾಟು. ಆರು ವಸ್ತು ಕೂರಿಸಬಹುದು, ಏಳನೆಯದಕ್ಕೆ ಜಾಗವಿಲ್ಲ. ಪ್ಲೇಟು ಏಟು ತಡೆಯುತ್ತದೆ. ರಿಪೇರಿ ಯಂತ್ರವಿದ್ದರೆ ಬಿದ್ದ ಏಟನ್ನು ಹಡಗು ತಾನೇ ವಾಸಿ ಮಾಡಿಕೊಳ್ಳುತ್ತದೆ. ಗನ್ನಿದ್ದರೆ ಹೊಡೆಯಬಹುದು. ಒಂದನ್ನು ಹತ್ತಿಸಿದರೆ ಇನ್ನೊಂದನ್ನು ಇಳಿಸಲೇಬೇಕು. ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಪ್ಯಾಕಿಂಗ್ ಮಾಡಿಸಿದವಳಿಗೆ ಯಾವುದನ್ನು ಎಲ್ಲಿ ತುರುಕಬೇಕೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ಆಟ ಹಚ್ಚಿಕೊಂಡಿದ್ದು ಡಯಾಲಿಸಿಸ್ ಶುರುವಾದ ಮೇಲೆ. ಸೋಮ, ಬುಧ, ಶುಕ್ರ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕು. ಎಡಗೈಗೆ ಎರಡು ಸೂಜಿ ಚುಚ್ಚಿರುತ್ತಾರೆ, ಅಲುಗಾಡಿಸುವಂತಿಲ್ಲ. ಬಲಗೈ ಬಿಡುವಾಗಿರುತ್ತದೆ. ಒಂದೇ ಕೈಯಲ್ಲಿ ಆಡಬಹುದಾದ ಆಟ ಹುಡುಕಿ ಲ್ಯಾಪ್‌ಟಾಪಿಗೆ ಹಾಕಿಕೊಟ್ಟವನು ತಮ್ಮ.

ಇದೇ ಇಪ್ಪತ್ತಾರು, ಬುಧವಾರ, ಮಧ್ಯಾಹ್ನ ಎರಡಕ್ಕೆ ನಮ್ಮ ಗುಂಪಿನ ನೆಲೆಯ ಮೇಲೆ ದಾಳಿ. ಈ ಆಟದಲ್ಲಿ ದಾಳಿಯ ದಿನ, ಗಂಟೆ ಮೊದಲೇ ಗೊತ್ತಾಗುತ್ತದೆ. ನೆಲೆ ಹೋದರೆ ನಾವು ಹನ್ನೊಂದು ಜನ ಒಂದು ವರ್ಷದಿಂದ ಕೂಡಿಹಾಕಿದ್ದೆಲ್ಲ ಹೋದಂತೆ. ಯಾರಿಗೂ ಹೊರೆಯಾಗದೆ ನಾನು ನಿಲ್ಲಬೇಕು. ನಿಲ್ಲುತ್ತೇನೆ.

ಇಪ್ಪತ್ತೆಂಟಕ್ಕೆ ಇನ್ನೊಂದಿದೆ. ತಮ್ಮ ಕಿಡ್ನಿ ಕೊಡುತ್ತೇನೆಂದು ಹಟ ಹಿಡಿದಿದ್ದಾನೆ. ಪರೀಕ್ಷೆಗಳೆಲ್ಲ ಹೊಂದಿಕೆಯಾಗಿವೆ. ಅವತ್ತು ಇಬ್ಬರೂ ಆಸ್ಪತ್ರೆಯ ಸಮಿತಿಯ ಮುಂದೆ ಕೂತು ಸಹಿ ಹಾಕಬೇಕು. ನನ್ನ ಹೃದಯ ದಣಿಯುತ್ತಿದೆ, ಹೀಗೇ ಬಹಳ ದಿನ ಎಳೆಯಲಾಗದು ಎನ್ನುತ್ತಾರೆ ಡಾಕ್ಟರು. ಅವರಿಗೆ ‘ನೋಡೋಣ’ ಎಂದಿದ್ದೇನೆ. ನೋಡುವುದೇನೂ ಇಲ್ಲ. ನಾನು ಎತ್ತಿ ಆಡಿಸಿದ ಮೈಯನ್ನು ನನಗೋಸ್ಕರ ಕುಯ್ಯಿಸುವುದಿಲ್ಲ. ಹದಿನಾಲ್ಕು ತಿಂಗಳು ಈ ಕುರ್ಚಿಯಲ್ಲಿ ಕಳೆದವಳು ಹದಿನಾಲ್ಕು ವರ್ಷವೂ ಕಳೆಯುತ್ತೇನೆ.

ಮಾರ್ಚ್ ೫, ಬುಧವಾರ

ನಮ್ಮ ನಮ್ಮಲ್ಲೇ ಅಭ್ಯಾಸದ ಕಾಳಗ. ಆ ಕಡೆ ಆರು, ಈ ಕಡೆ ಐದು. ನನ್ನ ಕಡೆಯವರೆಲ್ಲ ಸತ್ತರು, ನಾನೊಬ್ಬಳು ಕೊನೆಯವರೆಗೂ ನಿಂತಿದ್ದೆ. ಹಡಗಿನ ಮೇಲೆ ಒಂದು ಗೀರೂ ಇಲ್ಲ. ಹೊಗಳುತ್ತಾರೆಂದು ಕಾದು ಕೂತೆ.

ಮೇಷ್ಟ್ರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ನಿಮ್ಮನ್ನ ಯಾರೂ ಹೊಡೀಲಿಲ್ಲ, ಗಮನಿಸಿದ್ರಾ? ನೀವು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ನಿಮ್ಮನ್ನ ನಿಮ್ಮ ಪಾಡಿಗೆ ಬಿಟ್ಟು ಪಕ್ಕದವರನ್ನೆಲ್ಲ ಮುಗಿಸಿದ್ರು.’

ಅವರು ನಿಜಕ್ಕೂ ಮೇಷ್ಟ್ರೇ. ಎಲ್ಲೋ ಗಣಿತ ಪಾಠ ಮಾಡಿ ನಿವೃತ್ತರಾಗಿ ಈಗ ನಮ್ಮ ಗುಂಪಿನ ನಾಯಕರಾಗಿದ್ದಾರೆ. ಆ ಧ್ವನಿ ಕೇಳಿದರೆ ಈಗಲೂ ಬೆಂಚಿನ ಮೇಲೆ ನಿಲ್ಲಿಸಿಬಿಡುತ್ತಾರೇನೋ ಅನ್ನಿಸುತ್ತದೆ. ಸಿಟ್ಟು ನೆತ್ತಿಗೇರಿತು. ಲ್ಯಾಪ್‌ಟಾಪ್ ಮುಚ್ಚಿಟ್ಟು, ಉಳಿದ ಒಂದೂವರೆ ಗಂಟೆ ಡಯಾಲಿಸಿಸ್ ಮೆಷಿನ್ನಿನ ಚಕ್ರ ಸುತ್ತುವುದನ್ನೇ ನೋಡುತ್ತಿದ್ದೆ.

ಮಾರ್ಚ್ ೮, ಶನಿವಾರ

ಎರಡು ಕೋಣೆಯ ಮನೆ ಖಾಲಿ ಮಾಡಿಸುವುದಿತ್ತು. ನಮ್ಮ ಪ್ಯಾಕಿಂಗಿನವರಲ್ಲಿ ಮೀಸೆ ಎಂಬವನಿದ್ದಾನೆ, ಕಂಪನಿಗೆ ನನಗಿಂತ ಹಳಬ. ಒಂದು ಗಾಜಿನ ಬೀರುವಿಗೆ ಏಳು ಕಂಬಳಿ ಸುತ್ತಿದ್ದ. ಅರ್ಧ ಲಾರಿ ಕಂಬಳಿಯಲ್ಲೇ ತುಂಬಿ ಊಟದ ಮೇಜು ರಸ್ತೆಯಲ್ಲಿ ಉಳಿಯಿತು. ಲಾರಿ ಎರಡು ಸಲ ಓಡಾಡಬೇಕಾಯಿತು. ನಾವು ಬಂದಿರುವುದು ಸಾಮಾನು ಸಾಗಿಸಲಿಕ್ಕೋ ಕಂಬಳಿ ಸಾಗಿಸಲಿಕ್ಕೋ ಎಂದು ಅವನಿಗೆ ಚೆನ್ನಾಗಿ ಬೈದೆ. ಬೈದು ಮುಗಿಸುವಾಗ ಮೇಷ್ಟ್ರ ಮಾತು ನೆನಪಾಯಿತು.

ಸೋಮವಾರ ಅವರಿಗೆ ಬುದ್ಧಿ ಕಲಿಸುತ್ತೇನೆ.

ಮಾರ್ಚ್ ೧೦, ಸೋಮವಾರ

ಪ್ಲೇಟು, ರಿಪೇರಿ ಯಂತ್ರ ಎಲ್ಲ ಕಿತ್ತುಹಾಕಿ ಆರಕ್ಕೆ ಆರೂ ಗನ್ನು ಕೂರಿಸಿಕೊಂಡು ಹೋದೆ. ತಿಜೋರಿ ಅಂದವರು ನೋಡಲಿ ಎಂದು.

ಹೊಡೆದೆ, ಹೊಡೆದೆ, ಸತ್ತೆ. ಮೂರು ಸೆಕೆಂಡು. ಹರಟೆ ಗಡಿಯಾರ ಹಿಡಿದು ಎಣಿಸಿದಳಂತೆ. ಹರಟೆ ಎಂದರೆ ನಮ್ಮ ಎರಡು ರಿಪೇರಿ ಹಡಗುಗಳಲ್ಲಿ ಒಂದನ್ನು ನಡೆಸುವವಳು. ಎಲ್ಲಿಯವಳೋ, ಬೇಕರಿಯಲ್ಲಿ ಕೆಲಸವಂತೆ, ಬಾಯಿಗೆ ಬಿಡುವೇ ಇಲ್ಲ. ‘ಅಕ್ಕಾ, ನಾನು ನಿಮ್ಮ ಹತ್ರ ಬರೋಷ್ಟರಲ್ಲಿ ನೀವು ಹೊಗೆ ಆಗಿದ್ರಿ’ ಎಂದು ನಕ್ಕಳು. ಎಲ್ಲರೂ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ.

ಮೂರು ಗಂಟೆಯ ಸುಮಾರಿಗೆ ಆಕಳಿಕೆ ಬರಲು ಶುರುವಾಯಿತು. ಆಮೇಲೆ ಕಣ್ಣು ಮಂಜು. ಸಿಸ್ಟರ್ ಆಚೆ ಕುರ್ಚಿಯವರ ಸೂಜಿ ತೆಗೆಯುತ್ತಿದ್ದರು, ಮುಗಿಸಲಿ ಎಂದು ಸುಮ್ಮನಿದ್ದೆ. ಎಚ್ಚರವಾದಾಗ ಕುರ್ಚಿ ಹಿಂದಕ್ಕೆ ಬಾಗಿತ್ತು, ಕಾಲು ಮೇಲಿತ್ತು, ಬಿಪಿ ಎಪ್ಪತ್ತಕ್ಕಿಳಿದಿತ್ತಂತೆ. ಆಕಳಿಕೆ ಬಂದಾಗಲೇ ಕರೆಯಬೇಕೆಂದು ನೂರು ಸಲ ಹೇಳಿದ್ದೇನೆ ಎಂದು ಸಿಸ್ಟರ್ ತರಾಟೆಗೆ ತೆಗೆದುಕೊಂಡರು. ಅವರು ಅಷ್ಟು ಹೆದರಿಕೊಳ್ಳುವಂಥದ್ದೇನೂ ಆಗಿರಲಿಲ್ಲ.

ಮಾರ್ಚ್ ೧೨, ಬುಧವಾರ

ಮೇಷ್ಟ್ರು ನನಗೊಬ್ಬಳಿಗೇ ಅರ್ಧ ಗಂಟೆ ಪಾಠ ಮಾಡಿದರು. ಒಂಟಿಯಾಗಿ ಸುತ್ತುವ ಹಡಗಿಗೆ ರಿಪೇರಿ ಯಂತ್ರ ಸರಿ. ಗುಂಪಿನಲ್ಲಿ ಅದು ದಂಡ. ಒಂದೊಂದು ಹಡಗೂ ತನ್ನ ರಿಪೇರಿ ತಾನೇ ಹೊತ್ತುಕೊಂಡು ಬಂದರೆ ಹೊಡೆಯುವವರು ಯಾರು? ಎರಡು ರಿಪೇರಿ ಹಡಗು ಇರುವುದೇ ಅದಕ್ಕೆ. ಅವು ಬಂದು ತಲುಪುವವರೆಗೆ ತಡೆಯುವಷ್ಟು ಪ್ಲೇಟು ಸಾಕು, ಉಳಿದ ಜಾಗಕ್ಕೆಲ್ಲ ಗನ್ನು. ನನಗೆ ಎರಡು ಪ್ಲೇಟು, ನಾಲ್ಕು ಗನ್ನು ಎಂದು ಬರೆಸಿದರು.

ಇನ್ನೊಂದು, ಗುಂಡಿ. ಪರದೆಯ ಮೂಲೆಯಲ್ಲಿ ಒಂದು ಗುಂಡಿಯಿದೆ. ಒತ್ತಿದರೆ ರಿಪೇರಿಯವರ ಪರದೆಯಲ್ಲಿ ನಮ್ಮ ಹೆಸರು ಮೇಲೆ ಬರುತ್ತದೆ. ಎದುರಾಳಿ ಗುರಿ ಇಟ್ಟ ಕೂಡಲೇ ನಮ್ಮ ಹಡಗಿನ ಸುತ್ತ ಹಳದಿ ಚೌಕ ಮಿನುಗುತ್ತದೆ. ಆಗಲೇ ಒತ್ತಬೇಕು, ಏಟು ಬೀಳುವುದಕ್ಕೂ ಮೊದಲು. ಅವರು ನಮ್ಮನ್ನು ಹಿಡಿದುಕೊಳ್ಳಲು ಐದು ಸೆಕೆಂಡು ಬೇಕು. ಪ್ಲೇಟು ಒಡೆದ ಮೇಲೆ ಒತ್ತಿದರೆ ಪ್ರಯೋಜನವಿಲ್ಲ.

ಏಟೇ ಬೀಳದೆ ಕೂಗಿಕೊಳ್ಳುವುದು ಯಾವ ಮರ್ಯಾದೆ? ಹೇಳಲಿಲ್ಲ, ಹೂಂಗುಟ್ಟಿದೆ. ಸೋಮವಾರ ಸತ್ತ ಮೇಲೆ ಮತ್ತೆ ಕೂರಿಸಿಕೊಂಡಿದ್ದ ರಿಪೇರಿ ಯಂತ್ರಗಳನ್ನು ಅವರಿಗೆ ಪರದೆ ತೋರಿಸುತ್ತಲೇ ಬಿಚ್ಚಿದೆ. ಅವರು ಹೋದ ಮೇಲೆ ಒಂದು ಗನ್ನು ಇಳಿಸಿ ಒಂದು ರಿಪೇರಿ ಯಂತ್ರವನ್ನು ಮತ್ತೆ ಕೂರಿಸಿದೆ. ಮೂರು ಗನ್ನೋ ನಾಲ್ಕೋ ಎಂದು ಕಾಳಗದಲ್ಲಿ ಎಣಿಸುವವರು ಯಾರು?

ಮಾರ್ಚ್ ೧೫, ಶನಿವಾರ

ತಮ್ಮ, ಅವನ ಹೆಂಡತಿ ಬಂದಿದ್ದರು. ಬರೆಯಬಾರದೆಂದುಕೊಂಡಿದ್ದೆ, ಬರೆದರಾದರೂ ಹಗುರಾಗುತ್ತದೇನೋ.

ಅವನು ಈಜು ಕಲಿಸುವವನು. ಮೈಯೇ ಅವನ ಕಸುಬು. ಆಪರೇಷನ್ ಆದರೆ ಮೂರು ತಿಂಗಳು ನೀರಿಗಿಳಿಯುವಂತಿಲ್ಲ. ಅದನ್ನೇ ಹೇಳಿದೆ. ಅದಕ್ಕೆ ಏರ್ಪಾಡಾಗಿದೆ ಎಂದ. ಮುಂದೆ ನಿನಗೇ ಏನಾದರೂ ಆದರೆ ಎಂದೆ. ಅದನ್ನೂ ಡಾಕ್ಟರ ಹತ್ತಿರ ಕೇಳಿ ಬಂದಿದ್ದೇನೆ ಎಂದ. ನಾನು ಒಂದೊಂದು ಅಡ್ಡ ಇಟ್ಟ ಹಾಗೂ ಅವನು ಒಂದೊಂದನ್ನು ಎತ್ತಿ ಪಕ್ಕಕ್ಕಿಡುತ್ತ ಬಂದ. ಕೊನೆಗೆ ನನ್ನ ಹತ್ತಿರ ಸಿಟ್ಟು ಬಿಟ್ಟು ಬೇರೇನೂ ಉಳಿಯಲಿಲ್ಲ. ನನ್ನ ವಿಷಯಕ್ಕೆ ತಲೆ ಹಾಕಬೇಡ ಎಂದುಬಿಟ್ಟೆ.

ಅವನು ಎದ್ದು ನಿಂತ. ‘ಒಂದೇ ಕೇಳ್ತೀನಿ ಅಕ್ಕ, ಹೇಳಿಬಿಡು. ನಿಂಗೆ ಕಿಡ್ನಿ ಬೇಡವೋ, ನನ್ನಿಂದ ಬೇಡವೋ?’

ಟೀ ಆರುತ್ತಿದೆ ಎಂದೆ. ಅಮ್ಮ ಪಾಳಿ ಕೆಲಸಕ್ಕೆ ಹೋಗುತ್ತಿದ್ದಾಗ ಅವನಿಗೆ ತಲೆ ಬಾಚಿದವಳು ನಾನು, ಶಾಲೆಯ ಅಂಕಪಟ್ಟಿಗೆ ಸಹಿ ಹಾಕಿದವಳು ನಾನು, ಜ್ವರ ಬಂದರೆ ಹೆಗಲ ಮೇಲೆ ಹೊತ್ತು ತಿರುಗಿದವಳು ನಾನು. ಹನ್ನೆರಡು ವರ್ಷ ಚಿಕ್ಕವನು. ಅವನಿಂದ ತೆಗೆದುಕೊಳ್ಳುವುದು ಹೇಗೆಂದು ನನಗೆ ಗೊತ್ತೇ ಇಲ್ಲ, ನಿಜವಾಗಿಯೂ ಗೊತ್ತಿಲ್ಲ.

ಅವನ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನಾನು ಅವಳನ್ನು ಒಂದು ಮಾತೂ ಕೇಳಲಿಲ್ಲ, ಕೇಳಿದ್ದರೆ ಅವಳೂ ಹೂಂ ಅನ್ನುತ್ತಿದ್ದಳು ಎಂದು ಹೇಳಿ ಹೋದಳು. ಇಬ್ಬರೂ ಟೀ ಮುಟ್ಟಿರಲಿಲ್ಲ. ದಿನದ ನೀರಿನ ಲೆಕ್ಕ ಮುಗಿದಿತ್ತು, ನಾನು ಕುಡಿಯುವ ಹಾಗಿಲ್ಲ, ಚೆಲ್ಲಿದೆ.

ಮಾರ್ಚ್ ೧೭, ಸೋಮವಾರ

ತೂಕ ಎರಡು ಕೆಜಿ ಎಂಟುನೂರು ಜಾಸ್ತಿ. ಎಲ್ಲ ನೀರು. ಕಾಲು ಸೆಳೆತ. ಆಡಲಿಲ್ಲ.

ಮಾರ್ಚ್ ೧೯, ಬುಧವಾರ

ಮಾನ ಹೋಯಿತು.

ಅಭ್ಯಾಸದ ಕಾಳಗದಲ್ಲಿ ನನ್ನ ಸುತ್ತ ಹಳದಿ ಚೌಕ ಮಿನುಗಿತು. ಗುಂಡಿ ಒತ್ತಲಿಲ್ಲ. ನನ್ನದೇ ರಿಪೇರಿ ಯಂತ್ರವಿದೆಯಲ್ಲ, ನಿಭಾಯಿಸುತ್ತೇನೆ ಎಂದುಕೊಂಡೆ. ನಾಲ್ವರು ಒಟ್ಟಿಗೆ ಹೊಡೆದರು. ನನ್ನ ಯಂತ್ರ ಒಂದು ತೂತು ಮುಚ್ಚುವುದರೊಳಗೆ ಹತ್ತು ತೂತು ಬಿದ್ದವು. ಹಡಗು ಸಿಡಿಯಿತು.

ನಾನು ಮರೆತೇಬಿಟ್ಟಿದ್ದ ಒಂದು ಪದ್ಧತಿ ಈ ಆಟದಲ್ಲಿದೆ. ಹಡಗು ಸಿಡಿದರೆ ಅದರಲ್ಲಿ ಏನೇನು ಕೂರಿಸಿದ್ದರೆಂಬ ಪಟ್ಟಿ ಎಲ್ಲರ ಪರದೆಯಲ್ಲೂ ಬರುತ್ತದೆ. ಸತ್ತವರ ಜೇಬು ತಡಕಿ ನಾಲ್ಕು ಜನರ ಮುಂದೆ ಸುರಿದ ಹಾಗೆ. ಎರಡು ಪ್ಲೇಟು, ಮೂರು ಗನ್ನು, ಒಂದು ರಿಪೇರಿ ಯಂತ್ರ. ಮೇಷ್ಟ್ರು ಬೈದಿದ್ದರೆ ವಾಸಿಯಿತ್ತು.

ಮಾತಾಡಿದವಳು ಹರಟೆ. ಮೊದಲ ಸಲ ನಿಧಾನವಾಗಿ ಮಾತಾಡಿದಳು. ‘ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?’

ಹಾಗಲ್ಲ, ನಿನಗೆ ಸುಮ್ಮನೆ ಯಾಕೆ ತೊಂದರೆ ಕೊಡಬೇಕು ಅಂತ, ಎಂದೆ.

‘ನೀವು ಕರೀದೆ ಸತ್ತಾಗ ನಂಗೆ ಏನನ್ಸುತ್ತೆ ಗೊತ್ತಾ? ಪಕ್ಕದಲ್ಲೇ ಇದ್ದೆ. ಕೈಲಿ ಎಲ್ಲ ಇತ್ತು. ಸುಮ್ನೆ ನೋಡ್ತಾ ನಿಂತ್ಕೋಬೇಕಾಯ್ತು. ಅದಕ್ಕಿಂತ ತೊಂದರೆ ಇನ್ನೇನಿದೆ?’

ಮುಖ ತೋರಿಸುವ ಆಟವಲ್ಲ, ಸದ್ಯ. ಕ್ಷಮಿಸು ಎಂದೆ. ಅವಳು ಆಗಲೇ ಬೇಕರಿಯ ಒಲೆ ಕೆಟ್ಟಿದ್ದರ ಕಥೆ ಶುರುಮಾಡಿದ್ದಳು, ಕೇಳಿಸಿತೋ ಇಲ್ಲವೋ.

ಮಾರ್ಚ್ ೨೦, ಗುರುವಾರ

ರಿಪೇರಿ ಯಂತ್ರ ಕಳಚಿದೆ. ಈ ಸಲ ನಿಜವಾಗಿ. ಆ ಜಾಗ ಖಾಲಿ ಕಂಡಾಗ ಬೆನ್ನಿನ ಹಿಂದೆ ಬಾಗಿಲು ತೆರೆದಿಟ್ಟು ಕೂತ ಹಾಗನ್ನಿಸಿತು. ನಾಲ್ಕನೇ ಗನ್ನು ಕೂರಿಸಿದೆ. ಎಂಜಿನ್ನಿನ ಶಕ್ತಿ ಸ್ವಲ್ಪ ಸಾಲದಾಯಿತು. ಒಂದು ಪ್ಲೇಟನ್ನು ಹಗುರದ್ದಕ್ಕೆ ಬದಲಾಯಿಸಿ ನೋಡಿದೆ, ಏಳು ಸೆಕೆಂಡು ತಡೆಯುತ್ತದೆ. ಹರಟೆಗೆ ಐದು ಬೇಕು. ಎರಡು ಸೆಕೆಂಡು ಉಳಿಯಿತು. ಇಷ್ಟು ಕಡಿಮೆ ಸುತ್ತಿ ನಾನು ಯಾವತ್ತೂ ಏನನ್ನೂ ಕಳಿಸಿದವಳಲ್ಲ.

ಕಂಪನಿಯಲ್ಲಿ ಒಂದು ಮನೆ ನೋಡಿ ಸಾಮಾನು ಪಟ್ಟಿ ಮಾಡುವುದಿತ್ತು. ಮೂರನೇ ಮಹಡಿ, ಲಿಫ್ಟಿಲ್ಲ. ಮೀಸೆಯನ್ನು ಕಳಿಸಿದೆ. ಮೊಣಕಾಲು ನೋಯುತ್ತಿತ್ತು, ಅಷ್ಟೇ. ಅವನು ಒಳ್ಳೆಯ ಪಟ್ಟಿ ಮಾಡಿ ತಂದ. ಕಂಬಳಿ ಮಾತ್ರ ಹತ್ತು ಹೆಚ್ಚು ಬರೆದಿದ್ದ.

ಮಾರ್ಚ್ ೨೪, ಸೋಮವಾರ

ಕೊನೆಯ ಅಭ್ಯಾಸ. ನಾಲ್ಕು ಸಲ ಗುಂಡಿ ಒತ್ತಿದೆ. ಮೊದಲ ಎರಡು ಸಲ ತಡವಾಯಿತು, ಬೆರಳು ಗುಂಡಿಯ ಮೇಲೆ ಹೋಗಿ ನಿಂತುಬಿಡುತ್ತದೆ. ಆಮೇಲೆ ಸರಿಹೋಯಿತು. ಮೂರು ಗಂಟೆಗೆ ಆಕಳಿಕೆ ಬಂತು, ಸಿಸ್ಟರನ್ನು ಕರೆದೆ, ಏನೋ ಸರಿಮಾಡಿ ಹೋದರು, ಆಟ ನಿಲ್ಲಿಸಬೇಕಾಗಲಿಲ್ಲ.

ತಮ್ಮನ ಫೋನಿಲ್ಲ. ಇಪ್ಪತ್ತೆಂಟಕ್ಕೆ ಬರುತ್ತೀರಾ ಇಲ್ಲವಾ ಎಂದು ಆಸ್ಪತ್ರೆಯವರು ಕೇಳಿದರು. ಗುರುವಾರ ಹೇಳುತ್ತೇನೆಂದೆ. ಮೊದಲು ಬುಧವಾರ ಮುಗಿಯಲಿ.

ಮಾರ್ಚ್ ೨೬, ಬುಧವಾರ

ಮರೆಯುವ ಮೊದಲೇ ಬರೆಯುತ್ತಿದ್ದೇನೆ, ಅಕ್ಷರ ಓಡಾಡಿದರೆ ಓಡಾಡಲಿ.

ಸಿಸ್ಟರಿಗೆ ಮೊದಲೇ ಹೇಳಿಟ್ಟಿದ್ದೆ, ಇವತ್ತು ಎರಡರಿಂದ ಮೂರರವರೆಗೆ ಬಹಳ ಮುಖ್ಯವಾದ ಕೆಲಸವಿದೆ ಎಂದು. ಅವರು ಮೇಜನ್ನು ಬಲಕ್ಕೆ ಸರಿಸಿ, ಬಿಪಿ ಪಟ್ಟಿಯನ್ನು ಕಾಲಿಗೆ ಕಟ್ಟಿ ಕೈ ಬಿಡಿಸಿಕೊಟ್ಟರು. ಎದುರಾಳಿಗಳು ಹದಿನಾರು ಜನ ಬಂದರು. ನಾವು ಹನ್ನೊಂದು. ನಲವತ್ತು ನಿಮಿಷ ತಡೆದರೆ ನೆಲೆ ಉಳಿಯುತ್ತದೆ.

ಮೊದಲು ಮೇಷ್ಟ್ರನ್ನು ಹೊಡೆಯಲು ನೋಡಿದರು, ಆಗಲಿಲ್ಲ. ಆಮೇಲೆ ನನ್ನನ್ನು. ಹಳದಿ ಚೌಕ ಮಿನುಗಿದ್ದೇ ತಡ, ಒತ್ತಿದೆ. ಇನ್ನೂ ಒಂದು ಗುಂಡೂ ಬಿದ್ದಿರಲಿಲ್ಲ. ನಾಚಿಕೆಯಾಯಿತು, ಅದನ್ನೂ ಬರೆಯಬೇಕು. ಏಳರಲ್ಲಿ ನಾಲ್ಕು ಸೆಕೆಂಡಿಗೆ ಪ್ಲೇಟು ಕೆಂಪಾಯಿತು. ಐದಕ್ಕೆ ‘ಬಂದೆ ಅಕ್ಕಾ’ ಎಂದಳು ಹರಟೆ. ಕೆಂಪು ಮೆಲ್ಲಗೆ ಹಸಿರಾಗುತ್ತ ಬಂತು. ನಾನೇನೂ ಮಾಡಿರಲಿಲ್ಲ. ಕೂತಿದ್ದೆ, ನೋಡುತ್ತಿದ್ದೆ, ಅದು ತಾನಾಗಿ ಹಸಿರಾಗುತ್ತಿತ್ತು. ಅಳು ಬಂದಂತಾಯಿತು. ಯಾಕೆಂದು ಯೋಚಿಸಲು ಹೊತ್ತಿರಲಿಲ್ಲ, ನಾಲ್ಕು ಗನ್ನಿಗೂ ಕೆಲಸವಿತ್ತು.

ಮೂವರನ್ನು ಹೊಡೆದುರುಳಿಸಿದೆ. ನಾನು, ತಿಜೋರಿ. ಅಲ್ಲಿಂದ ಅವರು ಪದೇ ಪದೇ ನನ್ನ ಮೇಲೇ ಬಿದ್ದರು. ಈಗ ಲೆಕ್ಕಕ್ಕಿದ್ದೇನೆ ಎಂದು ಎಷ್ಟು ಖುಷಿಯಾಯಿತು. ಮೂವತ್ತೊಂದನೇ ನಿಮಿಷಕ್ಕೆ ನಮ್ಮ ಎರಡನೇ ರಿಪೇರಿ ಹಡಗು ಸಿಡಿಯಿತು. ಹರಟೆ ಒಬ್ಬಳೇ ಉಳಿದಳು, ಎದುರಾಳಿಗಳು ನನಗೂ ಮೇಷ್ಟ್ರಿಗೂ ಒಟ್ಟಿಗೆ ಗುರಿ ಇಟ್ಟಿದ್ದರು. ಗುಂಡಿ ಒತ್ತಿದೆ. ‘ಎರಡೂ ಕಡೆ ಆಗ್ತಿಲ್ಲ ಅಕ್ಕಾ’ ಎಂದಳು. ಮೇಷ್ಟ್ರನ್ನು ಬಿಡಬೇಡ ಎಂದೆ. ಸಿಡಿದೆ.

ಕರೆದರೆ ಉಳಿದೇ ಉಳಿಯುತ್ತೇವೆ ಎಂದೇನೂ ಇಲ್ಲ. ಆದರೂ ಮೊನ್ನೆ ಸತ್ತದ್ದಕ್ಕೂ ಇವತ್ತು ಸತ್ತದ್ದಕ್ಕೂ ಅಜಗಜಾಂತರ. ಉಳಿದ ಒಂಬತ್ತು ನಿಮಿಷ ಮೇಷ್ಟ್ರು, ಇನ್ನು ಮೂವರು ಸೇರಿ ತಡೆದರು. ನೆಲೆ ಉಳಿಯಿತು. ಆಮೇಲೆ ಮೇಷ್ಟ್ರು ನನ್ನ ಹಡಗಿನ ಪಟ್ಟಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ‘ಎರಡು ಪ್ಲೇಟು, ನಾಲ್ಕು ಗನ್ನು. ಸರಿ ಇದೆ.’ ಲೆಕ್ಕಕ್ಕೆ ಕೆಂಪು ಶಾಯಿಯಲ್ಲಿ ರೈಟು ಹಾಕಿದ ಹಾಗಿತ್ತು.

ಸಿಸ್ಟರ್ ಬಂದು ಕೆಲಸ ಆಯಿತಾ ಎಂದು ಕೇಳಿದರು. ಸತ್ತೆ, ಆದರೆ ಗೆದ್ದೆವು ಎಂದೆ. ಅವರು ಸುಮ್ಮನೆ ಬಿಪಿ ಇನ್ನೊಮ್ಮೆ ನೋಡಿದರು.

ಮಾರ್ಚ್ ೨೭, ಗುರುವಾರ

ಆಸ್ಪತ್ರೆಗೆ ಇವತ್ತು ಉತ್ತರ ಹೇಳಬೇಕಿತ್ತು, ಅದಕ್ಕೇ ತಮ್ಮನಿಗೆ ಫೋನ್ ಮಾಡಿದೆ. ನಾವೆಲ್ಲ ಕಂಪನಿಯ ಗೋದಾಮಿನಲ್ಲಿದ್ದೆವು, ಮೀಸೆ ಮತ್ತಿತರರು ಪೆಟ್ಟಿಗೆಗೆ ಟೇಪು ಸುತ್ತುತ್ತಿದ್ದರು. ತಮ್ಮ ಈಜುಕೊಳದಲ್ಲಿದ್ದ. ಮಕ್ಕಳ ಕಿರುಚಾಟ, ಸೀಟಿ. ಮೆಲ್ಲಗೆ ಹೇಳಿದೆ. ಜೋರಾಗಿ ಹೇಳು ಅಕ್ಕ, ಇಲ್ಲಿ ಗಲಾಟೆ ಎಂದ. ಹೊರಗೆ ಹೋಗಿ ಹೇಳೋಣವೆಂದರೆ ಅಲ್ಲಿ ಲಾರಿ ಸದ್ದು. ಹೋಗಲಿ ಎಂದು ಗಂಟಲು ಬಿಟ್ಟು ಕೂಗಿದೆ.

‘ನಿನ್ನ ಕಿಡ್ನಿ ನಂಗೆ ಬೇಕು ಕಣೋ. ನಿನ್ನದೇ ಬೇಕು.’

ಗೋದಾಮಿನಲ್ಲಿ ಟೇಪಿನ ಸದ್ದು ನಿಂತುಹೋಯಿತು. ಫೋನಿನಲ್ಲಿ ತಮ್ಮ ಯಾರಿಗೋ ಕಾಲು ಬಡಿ, ಕಾಲು ಬಡಿ ಎಂದದ್ದು ಕೇಳಿಸಿತು. ‘ಸರಿ ಅಕ್ಕ’ ಎಂದ. ‘ಪಾಠ ಮುಗಿಸಿ ಬರ್ತೀನಿ.’ ಮೂಗು ಕಟ್ಟಿತ್ತು. ಸದಾ ನೀರಲ್ಲೇ ಇರುವವನು.

ಅವನ ಹೆಂಡತಿಗೂ ಫೋನ್ ಮಾಡಿದೆ. ಕೇಳಬೇಕಾದದ್ದನ್ನು ಕೇಳಿದೆ. ಹೂಂ ಅಂದಳು.

ಮಾರ್ಚ್ ೨೮, ಶುಕ್ರವಾರ

ಬೆಳಗ್ಗೆ ಹತ್ತಕ್ಕೆ ಸಮಿತಿ. ಐದು ಜನ, ಉದ್ದ ಮೇಜು. ಮೊದಲು ತಮ್ಮನೊಬ್ಬನನ್ನೇ ಒಳಗೆ ಕರೆದು ಅರ್ಧ ಗಂಟೆ ಕೂರಿಸಿಕೊಂಡರು. ಆಮೇಲೆ ನನ್ನನ್ನು. ಅವನಿಗೆ ಒತ್ತಾಯವೇನಾದರೂ ಇದೆಯೇ ಎಂದು ಒಬ್ಬ ಹೆಂಗಸು ಕೇಳಿದರು. ಒತ್ತಾಯ ಮಾಡುತ್ತಿರುವವನೇ ಅವನು ಎಂದೆ. ನಕ್ಕರು, ಬರೆದುಕೊಂಡರು. ಹೊಸ ಕಿಡ್ನಿ ಮೈಗೆ ಹಿಡಿಯದೆಯೂ ಹೋಗಬಹುದು, ಗೊತ್ತಿದೆಯಲ್ಲ ಎಂದರು. ಗೊತ್ತಿದೆ ಎಂದೆ. ಕೊಡುವವರಿಗೆ ಒಂಬತ್ತು ಪುಟ, ತೆಗೆದುಕೊಳ್ಳುವವರಿಗೆ ಮೂರೇ ಪುಟ. ನನ್ನ ಮೂರನ್ನು ಓದಲು ಅವನಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಸಹಿ ಹಾಕಿದೆ. ಮುಂದಿನ ತಿಂಗಳು ಆಪರೇಷನ್ನು.

ಡಯಾಲಿಸಿಸ್ ವಾರ್ಡು ಕೆಳಗಿನ ಮಹಡಿಯಲ್ಲಿದೆ. ಮೆಟ್ಟಿಲಿಳಿಯುವಾಗ ‘ಚೀಲ ಕೊಡು ಅಕ್ಕ’ ಎಂದ ತಮ್ಮ. ಇವತ್ತು ಲ್ಯಾಪ್‌ಟಾಪ್ ತಂದಿರಲಿಲ್ಲ, ಒಂದು ಟವೆಲ್ಲು, ನೀರಿನ ಸಣ್ಣ ಬಾಟಲಿ, ಅಷ್ಟೇ ಇದ್ದದ್ದು. ಭಾರವೇನೂ ಇರಲಿಲ್ಲ. ಕೊಟ್ಟೆ.